ಛಾವಣಿ ಸಾಹೇಬರ ದನಿ

ದೆವ್ವ, ಪೀಡೆ, ಮೈಮೇಲೆ ಬರುವುದು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಇರಲಿಕ್ಕೆ ಸಾಧ್ಯವೂ ಇರಲಿಲ್ಲ, ಯಾಕೆಂದರೆ ನಮ್ಮ ಓಣಿಯ ದೆವ್ವಗಳಲ್ಲಿ ಅರ್ಧಕ್ಕರ್ಧ ನಾನೇ ಆಗಿದ್ದೆ. ಮಸ್ಕಿ ಹಳ್ಳದ ದಂಡೆಯ ಹುಣಸೆಮರದಲ್ಲಿ ಕೂತು ಕೆಮ್ಮುತ್ತಿದ್ದ ಮುದುಕ ನಾನು. ನಮ್ಮ ಸೋದರತ್ತೆಗೆ ಹಿತ್ತಲಿನಿಂದ, ಸತ್ತುಹೋದ ಅವಳ ಅತ್ತೆಯ ದನಿಯಲ್ಲಿ "ಸಾರಿಗೆ ಉಪ್ಪು ಹೆಚ್ಚಾಗೈತಿ" ಎಂದು ಕೂಗಿದವನೂ ನಾನೇ. ಹೆದರಿ ಬಾಗಿಲು ಹಾಕಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಆಕೆ ಸೌಟು ಹಿಡಿದು ಹಿತ್ತಲಿಗೆ ಬಂದು, ಅತ್ತೆ ಬದುಕಿದ್ದಾಗ ಆಡಲಾಗದ ಮಾತನ್ನೆಲ್ಲ ಒಂದೇ ಉಸಿರಿನಲ್ಲಿ ಆಡಿ, ಹಗುರಾಗಿ ಒಳಗೆ ಹೋದಳು. ಅವತ್ತಿನಿಂದ ದೆವ್ವಗಳ ಮೇಲೆ ನನಗೆ ಮರುಕ ಬಂತೇ ಹೊರತು ನಂಬಿಕೆ ಬರಲಿಲ್ಲ.

ಇಂಥವನು ಈಗ ಹೇಳಹೊರಟಿದ್ದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ನಡೆದದ್ದು ನಡೆದ ಹಾಗೆ ಬರೆಯುತ್ತೇನೆ, ಆಮೇಲೆ ನಿಮಗೆ ಬಿಟ್ಟದ್ದು.

ಆಗ ನಾನು ಮೌಲಾ ಚಾಚಾನ ಡೇರೆಯಲ್ಲಿ ಬಯಸ್ಕೋಪಿಗೆ ಮಾತು ಹೇಳುತ್ತಿದ್ದೆ. ಹೈದರಾಬಾದಿನಲ್ಲಿ, ರಾಯಚೂರಿನಲ್ಲಿ ಮಾತಾಡುವ ಚಿತ್ರಗಳು ಬಂದು ಹಳೆಯದಾಗಿದ್ದವು. ಅಲ್ಲಿ ಯಾರಿಗೂ ಬೇಡವಾದ ಮೂಕ ಚಿತ್ರಗಳ ಸುರುಳಿಗಳನ್ನು ಚಾಚಾ ತಂದು ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ಬಂಡಿಯಲ್ಲಿ ಹೇರಿಕೊಂಡು ತಿರುಗುತ್ತಿದ್ದ. ಯಂತ್ರ ಕೈಯಿಂದ ತಿರುಗಿಸುವಂಥದ್ದು. ಡೇರೆಯ ನಡುವೆ ತೆರೆ ಕಟ್ಟಿ, ಅದಕ್ಕೆ ಕೊಡದಿಂದ ನೀರು ಚಿಮುಕಿಸುತ್ತಿದ್ದೆವು. ಬಟ್ಟೆ ಒದ್ದೆಯಾದರೆ ಚಿತ್ರ ಹಿಂದಿನಿಂದಲೂ ಕಾಣುತ್ತದೆ. ನನ್ನ ಜಾಗ ತೆರೆಯ ಹಿಂದೆ. ಕೂರಲು ಒಂದು ಬೆತ್ತದ ಮೋಡಾ, ಒಂದು ತಗಡಿನ ತುತ್ತೂರಿ, ಎಡಬಲ ತಿರುವಾದ ಚಿತ್ರ, ಇಷ್ಟೇ ನನ್ನ ರಾಜ್ಯ. ನಡುನಡುವೆ ಬರುವ ಇಂಗ್ಲಿಷ್ ಬರಹ ಚಾಚಾನಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಆದ್ದರಿಂದ ನಾನು ಹೇಳಿದ್ದೇ ಕಥೆ. ಚಿತ್ರದೊಳಗಿನ ಬಿಳಿ ಸಾಹುಕಾರ ನಮ್ಮ ತಹಶೀಲಿನಲ್ಲಿ ಕಂದಾಯ ನೋಡಿಕೊಳ್ಳುವ ಗಿರ್ದಾವರನ ಉರ್ದು ಉದುರಿಸುತ್ತಿದ್ದ. ದೊರೆಸಾನಿ ಮುದಗಲ್ಲಿನ ಬದನೆಕಾಯಿ ಮಾರುವ ಗಂಗವ್ವನ ಹಾಗೆ ಬೈಯುತ್ತಿದ್ದಳು. ಗಂಗವ್ವ ಮುಂದೆಯೇ ಕೂತು "ಎಷ್ಟು ಚಲೋ ಮಾತಾಡ್ತಾಳವ್ವ" ಎಂದು ಮೆಚ್ಚಿಕೊಳ್ಳುತ್ತಿದ್ದಳು. ಎಲ್ಲರ ದನಿಯೂ ನನಗೆ ಬರುತ್ತಿತ್ತು. ನನ್ನದೇ ದನಿ ಯಾವುದು ಅಂದರೆ ಮಾತ್ರ ತಡವರಿಸುತ್ತಿದ್ದೆ. ಮೀಸೆ ಮೂಡುವಾಗ ಒಡೆದದ್ದು ಮತ್ತೆ ಸರಿಯಾಗಿ ಕೂಡಲೇ ಇಲ್ಲ. ಬಿರುಕು ಬಿಟ್ಟ ಹಲಗೆ ಬಾರಿಸಿದ ಹಾಗೆ ಇದೆ.

ಚಾಚಾನ ಸುರುಳಿಗಳಲ್ಲಿ ಒಂದಕ್ಕೆ ನಾವು 'ಎತ್ತಿನ ಯಾಪಾರ' ಎಂದು ಹೆಸರಿಟ್ಟಿದ್ದೆವು. ಅದರ ಕೊನೆಯಲ್ಲಿ ಎತ್ತರದ ಒಬ್ಬ ಮನುಷ್ಯ ಬಹಳ ದಿನದ ಮೇಲೆ ಮನೆಗೆ ಬಂದು, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಹೆಂಡತಿ ಬೆನ್ನು ತಿರುಗಿಸಿ ಒಲೆಯ ಮುಂದೆ ಕೂತಿರುತ್ತಾಳೆ. ಅವನ ಮುಖ ತೆರೆಯ ತುಂಬ ಬರುತ್ತದೆ, ತುಟಿ ಮೆಲ್ಲಗೆ ಅಲುಗುತ್ತದೆ, ಬಹಳ ಹೊತ್ತು ಏನೋ ಹೇಳುತ್ತಾನೆ. ಆ ಮಾತಿಗೆ ಬರಹದ ಹಲಗೆಯೂ ಬರುವುದಿಲ್ಲ. ನಾನು ಅವನನ್ನು ಸಾಲಗುಂದದ ಎತ್ತಿನ ದಲಾಲಿ ಮಾಡಿ, ಸಂತೆಯಲ್ಲಿ ಕುಂಟೆತ್ತು ಕೊಂಡು ಮೋಸಹೋದ ಕಥೆಯನ್ನು ಹೆಂಡತಿಗೆ ಒಪ್ಪಿಸುವಂತೆ ಮಾಡಿದ್ದೆ. ಜನ ಪ್ರತಿ ಸಲವೂ ಬಿದ್ದು ಬಿದ್ದು ನಗುತ್ತಿದ್ದರು.

ಒಮ್ಮೆ ಮಸ್ಕಿಯಲ್ಲಿ ಆಟ ಮುಗಿದ ಮೇಲೆ ತೆರೆಯ ಹಿಂದಕ್ಕೆ ಒಬ್ಬ ಬಿಳಿ ಮುದುಕಿ ಬಂದಳು. ಬಣ್ಣ ಹೋದ ಗೌನು, ಕೈಯಲ್ಲಿ ಕೊಡೆ. ನಾನು ಎದ್ದು ಗಿರ್ದಾವರನಿಗೆ ಹೊಡೆಯುವ ಸಲಾಮು ಹೊಡೆದೆ.

"ನೀನೇನಪ ಸಾಲಗುಂದದ ದಲಾಲಿ?" ಎಂದಳು, ನಮ್ಮದೇ ಕನ್ನಡದಲ್ಲಿ.

"ಹೌದ್ರಿ ಅಮ್ಮಾರ."

"ಆ ದಲಾಲಿ ನನ್ನ ಗಂಡ."

ನಾನು ಇನ್ನೊಂದು ಸಲಾಮು ಹೊಡೆದೆ. ಆಕೆ ಕೊಡೆಯ ತುದಿಯಿಂದ ನನ್ನ ಮೊಣಕಾಲಿಗೆ ತಿವಿದು, "ಅವರು ಹೊರಗ ಬಂಡ್ಯಾಗ ಕುಂತಾರ, ನಕ್ಕು ನಕ್ಕು ಹೊಟ್ಟಿ ಹಿಡಕೊಂಡಾರ. ನಡಿ, ಮಾರಿ ತೋರಸು," ಎಂದಳು.

ಲಿಂಗಸುಗೂರಿನ ಛಾವಣಿಯ, ಅಂದರೆ ಹಳೆಯ ದಂಡಿನ ಠಾಣೆಯ, ಮೇರಿಯಮ್ಮ ಆಕೆ. ಪಲ್ಟನ್ ಇದ್ದ ಕಾಲದಲ್ಲಿ ಅವಳ ಅಪ್ಪ ಅಲ್ಲಿ ಸಿಪಾಯಿಗಳ ಮೇಲಿನ ಸಾಹೇಬನಾಗಿದ್ದನಂತೆ. ಆಕೆ ಅಲ್ಲೇ ಹುಟ್ಟಿ, ಮುದಗಲ್ಲಿನ ಆಯಾ ಒಬ್ಬಳ ಸೊಂಟದ ಮೇಲೆ ಬೆಳೆದವಳು. ಪಲ್ಟನ್ ಎದ್ದುಹೋಗಿ ಎಷ್ಟೋ ಕಾಲವಾದ ಮೇಲೆ, ಗಂಡನನ್ನು ಕಟ್ಟಿಕೊಂಡು ವಿಲಾಯತಿಯಿಂದ ಅದೇ ಬಂಗಲೆಗೆ ಬಂದಿದ್ದಳು. ಗಂಡನನ್ನು ಊರ ಹುಡುಗರು ಮೂಕ ಸಾಹೇಬ ಅನ್ನುತ್ತಿದ್ದರು. ಬಂಡಿಯಲ್ಲಿ ಕೂತಿದ್ದವರು ಅವರೇ. ಚಿತ್ರದಲ್ಲಿದ್ದ ಮೀಸೆ ಹೋಗಿತ್ತು, ಮೈ ಕರಗಿತ್ತು, ಕುತ್ತಿಗೆಗೆ ವಸ್ತ್ರ ಸುತ್ತಿತ್ತು. ಸದ್ದೇ ಇಲ್ಲದೆ, ಹೆಗಲು ಮಾತ್ರ ಕುಣಿಸುತ್ತ ನಗುತ್ತಿದ್ದರು. ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಆಮೇಲೆ ಡೇರೆ ಲಿಂಗಸುಗೂರಿಗೆ ಹೋದಾಗಲೆಲ್ಲ ನಾನು ಬಂಗಲೆಗೆ ಹೋಗತೊಡಗಿದೆ. ಸಾಹೇಬರಿಗೆ ಊರವರ ನಕಲು ಮಾಡಿ ತೋರಿಸುವುದು, ಮೇರಿಯಮ್ಮ ಕೊಟ್ಟ ಚಹಾ ಕುಡಿಯುವುದು, ಇದೇ ಕೆಲಸ. ಸಾಹೇಬರು ಕಲ್ಲಿನ ಪಾಟಿಯ ಮೇಲೆ ಬರೆಯುತ್ತಿದ್ದರು, ಆಕೆ ಓದಿ ಕನ್ನಡಕ್ಕೆ ಇಳಿಸುತ್ತಿದ್ದಳು. ಒಮ್ಮೆ ನಾನು ಅವರ ಎದುರಿಗೇ ಅವರ ನಡಿಗೆ ನಡೆದು ತೋರಿಸಿದೆ. ಅವರು ಪಾಟಿಯಲ್ಲಿ ಏನೋ ಗೀಚಿದರು. "ಎಡಗಾಲು ತಪ್ಪೈತಿ ಅಂತಾರ," ಎಂದಳು ಮೇರಿಯಮ್ಮ. ಆಮೇಲೆ ಮುದುಕರು ಎದ್ದು, ಕೋಲು ಬದಿಗಿಟ್ಟು, ಎಡಗಾಲು ಹೇಗೆ ಎಳೆಯಬೇಕೆಂದು ನನಗೆ ಕಲಿಸಿದರು. ನನ್ನ ಗುರು ಯಾರೆಂದು ಕೇಳಿದರೆ ನಾನು ಹೇಳುವುದು ಅವರ ಹೆಸರನ್ನೇ.

ಅವರ ಕಥೆಯನ್ನು ಆಕೆ ತುಂಡುತುಂಡಾಗಿ ಹೇಳಿದಳು. ಲಂಡನ್ನಿನ ಸಣ್ಣ ನಾಟಕಶಾಲೆಗಳಲ್ಲಿ ಮೀಸೆ ಮೂಡುವ ಮುಂಚೆಯೇ ಮುದಿ ರಾಜರ ಪಾತ್ರ ಮಾಡುತ್ತಿದ್ದರಂತೆ. ದನಿಗಾಗಿಯೇ ಜನ ಬರುತ್ತಿದ್ದರಂತೆ. ಮೆಲ್ಲಗೆ ಆಡಿದರೂ ಕಟ್ಟಕಡೆಯ ಸಾಲಿನವರಿಗೆ ಕೇಳುತ್ತಿತ್ತಂತೆ. ಅಂಥವರಿಗೆ ಹೆಸರು ಬಂದದ್ದು ಮಾತ್ರ ದನಿಯೇ ಇಲ್ಲದ ಬಯಸ್ಕೋಪಿನಲ್ಲಿ. ಆಮೇಲೆ ಗಂಟಲಲ್ಲಿ ಗಡ್ಡೆಯಾಯಿತು, ಡಾಕ್ಟರು ಕೊಯ್ದು ತೆಗೆದರು, ದನಿ ಅದರ ಜೊತೆಗೇ ಹೋಯಿತು. ಚಿತ್ರಗಳು ಮಾತಾಡಲು ಕಲಿಯುವ ಹೊತ್ತಿಗೆ ಇವರಿಗೆ ಮಾತು ನಿಂತಿತ್ತು. ಅವರ ದನಿ ಯಾವ ಗ್ರಾಮಫೋನ್ ತಟ್ಟೆಯ ಮೇಲೂ ಉಳಿಯಲಿಲ್ಲ.

ಒಂದು ಬೇಸಿಗೆಯಲ್ಲಿ ಸಾಹೇಬರು ಹಾಸಿಗೆ ಹಿಡಿದರು. ಮೇರಿಯಮ್ಮ ನನ್ನನ್ನು ಬಂಗಲೆಯ ಪಡಸಾಲೆಗೆ ಕರೆದು, "ಇನ್ನ ಭಾಳ ದಿನ ಇಲ್ಲಂತ ಡಾಕ್ಟರು ಹೇಳ್ಯಾರ. ಅವರಿಗೆ ತಮ್ಮ ಚಿತ್ರ ಇನ್ನೊಮ್ಮಿ ನೋಡೂ ಆಸೆ ಐತಿ. ಡೇರೆತನಕ ಬರಾಕ ಆಗೂದಿಲ್ಲ. ಮೌಲಾಗ ಹೇಳಿ ಮಶೀನ್ ಇಲ್ಲೇ ತರತೀಯೇನು?" ಎಂದಳು.

"ತರತೀನ್ರಿ. ಆದ್ರ ಅಮ್ಮಾರ, ಇಲ್ಲೂ ದಲಾಲಿ ದನಿನ? ಸಾಹೇಬರ ದನಿ ಹೆಂಗಿತ್ತು ಒಂದೀಟು ಆಡಿ ತೋರಸ್ರಿ. ನಾ ಹಿಡಿತೀನಿ."

ಆಕೆ ಸೆರಗಿಲ್ಲದ ಗೌನಿನಲ್ಲಿ ಸೆರಗು ಹುಡುಕುವವಳ ಹಾಗೆ ಕೈ ಆಡಿಸಿದಳು.

"ನನಗ ನೆನಪಿಲ್ಲಪ," ಎಂದಳು. "ಅವರು ಆಡಿದ ಮಾತು ಎಲ್ಲಾ ನೆನಪದಾವ. ಎಲ್ಲಿ ನಿಂತು ಆಡಿದ್ರು, ಯಾವ ಅಂಗಿ ಹಾಕ್ಕೊಂಡಿದ್ರು, ಅದೂ ಐತಿ. ದನಿ ಒಂದ ಹೋಗೈತಿ. ಹುಡುಕ್ತೀನಿ, ಸಿಗವಲ್ದು. ಅವರು ಹೋಗೂದ್ರಾಗ ಒಮ್ಮಿ ಸಿಕ್ಕಿದ್ರ ಸಾಕಿತ್ತು. ಇಲ್ಲಾಂದ್ರ ಆಮ್ಯಾಲ ಎಲ್ಲಿ ಹುಡುಕಲಿ?"

ನಾನು ಚಹಾ ಬಟ್ಟಲು ಕೆಳಗಿಟ್ಟೆ.

"ಆ ಬಾಗಿಲದಾಗ ನಿಂತು ಏನೋ ಅಂತಾರಲ್ಲ," ಎಂದು ಆಕೆ ಮುಂದುವರಿಸಿದಳು. "ಆ ಚಿತ್ರ ತೆಗೆಯೂ ದಿನ ನಾ ಊರಾಗ ಇರಲಿಲ್ಲ. ದನಿ ಬರೂದಿಲ್ಲಲ್ಲ, ಬಾಯಿಗೆ ಬಂದಿದ್ದು ಆಡತಿದ್ರು ಎಲ್ಲಾರೂ. ಏನಂದ್ರಿ ಅಂತ ಕೇಳಿ ಕೇಳಿ ಸಾಕಾಗೈತಿ. ಪಾಟಿ ಕೊಟ್ರ, ಬರದು, ನಾ ನೋಡೂದ್ರಾಗ ಒರಸಿ ನಗತಾರ. ಇರಲಿ. ನೀ ನಿನ್ನ ದಲಾಲಿ ದನಿನ ಹೇಳು. ಅವರು ನಗಲಿ."

ಚಾಚಾ ಒಪ್ಪಿದ. ಒಂದು ಮಧ್ಯಾಹ್ನ ಯಂತ್ರ ಬಂಗಲೆಗೆ ಹೋಯಿತು. ಕಿಟಕಿಗಳಿಗೆ ಕಂಬಳಿ ಬಿಗಿದೆವು. ಕೋಣೆಯ ನಡುವೆ ಮಂಚದ ಚಾದರ ಕಟ್ಟಿ ನೀರು ಚಿಮುಕಿಸಿದೆವು. ಹೊರಗೆ ಲಿಂಗಸುಗೂರಿನ ಬಿಸಿಲು, ಒಳಗೆ ಒದ್ದೆ ಬಟ್ಟೆಯ ತಂಪು. ಸಾಹೇಬರನ್ನು ಆರಾಮ ಕುರ್ಚಿಯಲ್ಲಿ ದಿಂಬು ಕೊಟ್ಟು ಕೂರಿಸಿ, ಮೇರಿಯಮ್ಮ ಅವರ ಕೈ ಹಿಡಿದು ಬದಿಗೆ ಕೂತಳು. ಚಾಚಾ ಯಂತ್ರದ ಹತ್ತಿರ, ನಾನು ಚಾದರದ ಹಿಂದೆ. ಕೋಣೆಯಲ್ಲಿ ಇದ್ದದ್ದು ನಾವು ನಾಲ್ವರೇ.

ಅವತ್ತು ನಾನು ಚೆನ್ನಾಗಿಯೇ ಹೇಳಿದೆ. ಗಿರ್ದಾವರ, ಗಂಗವ್ವ, ನಡುವೆ ಚಾಚಾನ ಕೆಮ್ಮನ್ನೂ ಸೇರಿಸಿದೆ. "ಏ ಬದ್ಮಾಶ್" ಎಂದು ಆಚೆಯಿಂದ ಚಾಚಾ ಬೈದ. ಮೇರಿಯಮ್ಮ ನಗುವುದು ಕೇಳಿಸಿತು. ಸಾಹೇಬರ ನಗು ಕೇಳಿಸುವಂಥದ್ದಲ್ಲ, ಆದರೆ ಕುರ್ಚಿ ಕಿರುಗುಟ್ಟುವುದು ಕೇಳಿಸುತ್ತಿತ್ತು.

ಕೊನೆಯ ಸುರುಳಿ ಬಂತು. ಬಾಗಿಲು ಬಂತು. ಎತ್ತರದ ಮನುಷ್ಯ ಟೋಪಿ ತೆಗೆದ. ಆ ಮುಖ ಚಾದರದ ತುಂಬ, ನನ್ನಿಂದ ಒಂದು ಮೊಳ ದೂರದಲ್ಲಿ. "ಏ ಇಕಿ, ಈ ಎತ್ತಿನ ಕಥಿ ಏನ್ ಹೇಳಲಿ" ಎಂಬ ನನ್ನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನ ತುಟಿ ಅಲುಗಿತು. ನಾನು ಬಾಯಿ ತೆರೆದೆ.

ಹೊಸ ಗಡಿಗೆಯ ನೀರು ಕುಡಿದಾಗ ಆಗುವ ಹಾಗೆ ಗಂಟಲು ತಣ್ಣಗಾಯಿತು. ಎದೆ ಅಗಲವಾದ ಹಾಗಾಯಿತು. ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡುವ ಹಾಗೆ ನನಗೆ ಕೇಳಿಸಿತು. ದಪ್ಪನೆಯ, ನಿಧಾನದ, ಎಲ್ಲೂ ಬಿರುಕಿಲ್ಲದ ದನಿ. ಮೆಲ್ಲಗೆಯೇ ಇತ್ತು, ಆದರೆ ಕೋಣೆಯ ಮೂಲೆಮೂಲೆ ತುಂಬಿತು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಅದು ಬರುತ್ತಿದ್ದದ್ದು ನನ್ನ ಬಾಯಿಂದಲೇ. ತುತ್ತೂರಿ ತೊಡೆಯ ಮೇಲೆ ಬಿದ್ದಿತ್ತು. ಮಾತು ಇಂಗ್ಲಿಷು. ನನಗೆ ಇಂಗ್ಲಿಷ್ ಅಂದರೆ 'ಯಸ್ ಸರ್' ಮತ್ತು 'ಗೆಟೌಟ್', ಅಷ್ಟೇ. ಚಾದರದ ಮೇಲಿನ ತುಟಿ ನಿಂತಾಗ ನನ್ನದೂ ನಿಂತಿತು. ಹೆದರಿಕೆ ಆಯಿತೇ ಎಂದು ಕೇಳಿದರೆ, ಇಲ್ಲ. ಯಾರೋ ಹಿರಿಯರು ತಲೆಯ ಮೇಲೆ ಕೈಯಿಟ್ಟು ತೆಗೆದ ಹಾಗಿತ್ತು.

ಸುರುಳಿ ಮುಗಿದು ಅದರ ಬಾಲ ಯಂತ್ರಕ್ಕೆ ಪಟಪಟ ಬಡಿಯಿತು. ಚಾಚಾ ಕೈ ನಿಲ್ಲಿಸಲು ಮರೆತಿದ್ದ. ನಾನು ಚಾದರ ಸರಿಸಿ ಈಚೆ ಬಂದೆ. ಮೇರಿಯಮ್ಮ ಗಂಡನ ಕೈಯನ್ನು ಎರಡೂ ಕೈಯಿಂದ ಹಿಡಿದು, ಬಾಗಿ, ಅದರ ಮೇಲೆ ಹಣೆ ಇಟ್ಟಿದ್ದಳು. "ಇದ," ಎನ್ನುತ್ತಿದ್ದಳು, "ಇದ, ಇದ ದನಿ." ಸಾಹೇಬರು ಆಕೆಯ ಕೂದಲು ಸವರುತ್ತ ನನ್ನನ್ನು ನೋಡಿದರು. ತಮ್ಮ ಕೋಟನ್ನು ಬೇರೊಬ್ಬನ ಮೈಮೇಲೆ ಕಂಡು, ಪರವಾಗಿಲ್ಲ, ಅಳತೆಗೆ ಸರಿಯಾಗಿದೆ, ಅನ್ನುವವರು ನೋಡುವ ಹಾಗೆ.

ಬಂಡಿಯಲ್ಲಿ ವಾಪಸು ಬರುವಾಗ ಚಾಚಾ ನನ್ನ ಕಡೆ ತಿರುಗಿದ. "ಇಂಗ್ಲೀಷ್ ಯಾವಾಗ ಕಲ್ತಿ ಬೇ?"

"ಕಲ್ತಿಲ್ಲ ಚಾಚಾ."

"ಮತ್ತ ಏನಂದಿ?"

"ನನಗ ಏನ್ ಗೊತ್ತು?"

ಪೀಡೆ ಇದ್ದರೆ ಹೋಗಲೆಂದು ಚಾಚಾ ಏನೋ ದುವಾ ಓದಿ ನನ್ನ ಮುಖಕ್ಕೆ ಊದಿದ. ಮರುದಿನ ಮತ್ತೆ ಊದಿದ.

ನಾನು ಇದನ್ನು ಬಹಳ ಯೋಚಿಸಿದ್ದೇನೆ. ಆ ಚಿತ್ರವನ್ನು ಅದೆಷ್ಟೋ ಸಲ ಹತ್ತಿರದಿಂದ ನೋಡಿದವನು, ನಕಲು ಮಾಡುವ ಚಟದವನು, ತೆರೆಯ ಮೇಲಿನ ತುಟಿಯನ್ನು ಅನುಕರಿಸಿದರೆ ಮಾತು ತಾನಾಗಿ ಹುಟ್ಟಬಹುದು ಎಂದು ರಾಯಚೂರಿನ ಮಾಸ್ತರರೊಬ್ಬರು ಹೇಳಿದರು. ಇರಬಹುದು. ಆದರೆ ನಾನು ನೋಡಿದ್ದು ತಿರುವಾದ ತುಟಿ. ತುಟಿಯಿಂದ ಮಾತು ಸಿಕ್ಕರೂ ದನಿ ಎಲ್ಲಿಂದ ಸಿಗಬೇಕು? ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿದವನಲ್ಲ. ಕೇಳಲು ಅದು ಇರಲೂ ಇಲ್ಲ. ಇನ್ನು, ದನಿಗಾಗಿ ಹಂಬಲಿಸಿದ್ದ ಆಕೆಗೆ ನನ್ನ ದನಿಯೇ ಗಂಡನದಾಗಿ ಕೇಳಿಸಿತು ಅನ್ನೋಣವೆಂದರೆ, ಚಾಚಾನಿಗೆ ಯಾವ ಹಂಬಲವಿತ್ತು? ಆಮೇಲೆ ಹಳ್ಳದ ದಂಡೆಯಲ್ಲಿ ಒಬ್ಬನೇ ಕೂತು ಎಷ್ಟೋ ಸಲ ಪ್ರಯತ್ನಿಸಿದೆ. ಬಂದದ್ದು ಸಾಲಗುಂದದ ದಲಾಲಿಯೇ.

ಮೊದಲ ಮಳೆಯಾದ ವಾರದಲ್ಲಿ ಸಾಹೇಬರು ಹೋದರು. ಛಾವಣಿಯ ಗೋರಿಗಳ ನಡುವೆ, ಮಾವನ ಪಕ್ಕದಲ್ಲಿ ಮಣ್ಣು ಮಾಡಿದರು. ಹೆಗಲು ಕೊಟ್ಟವರಲ್ಲಿ ನಾನೂ ಇದ್ದೆ.

ಹಿಂಗಾರಿಗೆ ಡೇರೆ ಮತ್ತೆ ಲಿಂಗಸುಗೂರಿಗೆ ಬಂದಾಗ ಬಂಗಲೆಗೆ ಹೋದೆ. ಮೇರಿಯಮ್ಮ ಬೇವಿನ ನೆರಳಿನಲ್ಲಿ ಕೂತು ಸಜ್ಜೆ ಹಸನು ಮಾಡುತ್ತಿದ್ದಳು. ಸೊರಗಿದ್ದಳು, ಆದರೆ ಮುಖ ತಿಳಿಯಾಗಿತ್ತು. "ಈಗ ಕೇಳಸ್ತೈತಪ," ಎಂದಳು, ನಾನು ಕೇಳುವ ಮೊದಲೇ. "ಎಲ್ಲಾ ಮಾತೂ ಅವರ ದನಿಯಾಗ ಕೇಳಸ್ತಾವ. ಒಲಿ ಹಚ್ಚಲಿಲ್ಲಂದ್ರ ಬೈಯೂದೂ ಕೇಳಸ್ತೈತಿ."

ನನಗೆ ತಡೆಯಲಾಗಲಿಲ್ಲ. "ಅಮ್ಮಾರ, ಅವತ್ತು ನಾ ಏನಂದ್ನಿರಿ?"

"ನಿನ್ನ ಬಾಯಿ, ನನ್ನ ಕೇಳತೀಯಲ್ಲ," ಎಂದು ನಕ್ಕಳು.

"ಖರೇನ ಕೇಳಾಕತ್ತೀನ್ರಿ. ಒಂದ ಮಾತು ಹೇಳ್ರಿ ಸಾಕು."

ಆಕೆ ಮೊರ ಕೆಳಗಿಟ್ಟು, ತನ್ನ ಮಗನನ್ನು ನೋಡುವವಳ ಹಾಗೆ ನನ್ನನ್ನು ನೋಡಿದಳು.

"ಅದು ನನಗ ಹೇಳಿದ್ದಪ. ನಿನಗಲ್ಲ."

ನಾನು ಮೊರವನ್ನು ನನ್ನ ಕಡೆಗೆ ಎಳೆದುಕೊಂಡೆ. ಆಕೆ ಚಹಾ ತರಲು ಒಳಗೆ ಹೋದಳು.