ಅರ್ಧ ಕೋಟು, ಬಿಡಿ ಕಾಲರು

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಕಷ್ಟಪಟ್ಟು ಪಡೆದದ್ದನ್ನು ಮುಚ್ಚಿಡುವುದೇಕೆ? ಆದರೆ ಆ ಪದವಿಯ ಬಾಗಿಲು ನನಗೆ ತೆರೆದದ್ದು ಮೈಸೂರಿನ ಕಾಲೇಜಿನಲ್ಲಲ್ಲ, ಮಧುಗಿರಿಯ ಒಂದು ವಿದ್ಯಾರ್ಥಿನಿಲಯದ ಪಡಸಾಲೆಯಲ್ಲಿ. ಅಂದು ನನ್ನ ಮೈಮೇಲೆ ಇದ್ದ ಉಡುಪಿನಿಂದಾಗಿ ಆ ಬಾಗಿಲು ಮುಚ್ಚಿಯೇ ಹೋಗುವುದರಲ್ಲಿತ್ತು.

ಆಗ ಮಹಾರಾಜರ ಕಾಲ. ನಮ್ಮದು ಹುಲಿಕುಂಟೆ ಕಡೆಯ ಹಳ್ಳಿ. ಕುರಿ ಸಾಕುವುದು, ಉಣ್ಣೆ ಕತ್ತರಿಸುವುದು, ಕಂಬಳಿ ನೇಯುವುದು ಮನೆತನದ ಕಸುಬು. ನಾನು ಸಿರಾದಲ್ಲಿ ಮಿಡ್ಲ್ ಸ್ಕೂಲು ಮುಗಿಸಿದೆ. ಮುಂದೆ ಓದಬೇಕಾದರೆ ಮಧುಗಿರಿಗೆ ಹೋಗಬೇಕು, ಅಲ್ಲಿ ಉಣ್ಣಲು, ಮಲಗಲು ಜಾಗ ಬೇಕು. ಬಡ ಹುಡುಗರಿಗೆ ಪುಕ್ಕಟೆ ಊಟ ಹಾಕುವ ನಿಲಯವೊಂದು ಅಲ್ಲಿದೆಯೆಂದೂ, ಕಮಿಟಿಯವರು ಹುಡುಗರನ್ನು ಎದುರಿಗೆ ನಿಲ್ಲಿಸಿಕೊಂಡು ಆರಿಸುತ್ತಾರೆಂದೂ ನಮ್ಮ ಮೇಷ್ಟ್ರು ಹೇಳಿದರು. ಜಾಗ ಸಿಕ್ಕದಿದ್ದರೆ ಕುರಿ ಹಿಂದೆ ಹೋಗುವುದು ಖಂಡಿತ. ಜೊತೆಗೆ ಮೇಷ್ಟ್ರು ಇನ್ನೊಂದು ಮಾತು ಸೇರಿಸಿದರು: ಕಮಿಟಿ ಮುಂದೆ ಕೋಟು ತೊಟ್ಟುಕೊಂಡೇ ನಿಲ್ಲಬೇಕು.

ಅಪ್ಪನಿಗೆ ಅಲ್ಲೇ ಅನುಮಾನ ಹತ್ತಿತು. ಅವನು ಹುಟ್ಟಾ ಅನುಮಾನದವನು. ಮಳೆ ಬಂದರೂ ಅಂಗೈ ಚಾಚಿ ನೋಡಿಯೇ ನಂಬುತ್ತಿದ್ದ.

“ಬಡವ್ರಿಗೆ ಅಂತ ಅನ್ನ ಇಕ್ಕೋರು ಕೋಟ್ ಯಾಕ್ಲಾ ಕೇಳ್ತಾರೆ? ಕೋಟ್ ಇದ್ದೋನು ಬಡವ ಹೆಂಗಾಯ್ತಾನೆ? ಇದ್ರಾಗೆ ಏನೋ ಮಸಲತ್ತೈತೆ.”

ಆದರೂ ಹೊಸದಾಗಿ ನೇಯ್ದ ಕರಿ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನು ಸಿರಾ ಸಂತೆಗೆ ಕರೆದುಕೊಂಡು ಹೋದ. ಅಲ್ಲಿ ಹಳೇ ಬಟ್ಟೆ ಮಾರುವ ಸಾಹೇಬರೊಬ್ಬರಿದ್ದರು. ಬೆಂಗಳೂರು ದಂಡಿನ ಬಿಳಿಯರು ತಮ್ಮ ಸೀಮೆಗೆ ವಾಪಸು ಹೊರಟಾಗ ಬಿಟ್ಟುಹೋಗುವ ಬಟ್ಟೆಗಳನ್ನು ಗಂಟು ಕಟ್ಟಿ ತರುತ್ತಿದ್ದರು. ಅವರ ರಾಶಿಯಲ್ಲಿ ನನ್ನ ಅಳತೆಗೆ ಸಿಕ್ಕಿದ್ದು ಒಂದೇ ಒಂದು ಕೋಟು. ಒಳ್ಳೆ ಕಪ್ಪು ಬನಾತು, ದಪ್ಪ ಉಣ್ಣೆ ಬಟ್ಟೆ; ಆದರೆ ಸೊಂಟಕ್ಕೇ ನಿಂತುಬಿಟ್ಟಿತ್ತು. ಮುಂದೆ ಎದೆ ಬಾಯಿ ತೆರೆದುಕೊಂಡಿತ್ತು. ಅದರ ಜೊತೆಗೆ ಅಗಲವಾದ ಬಿಳಿ ಕಾಲರು, ಯಾವ ಅಂಗಿಗೂ ಹೊಲಿಯದ ಬಿಡಿ ಕಾಲರು.

ಅಪ್ಪ ಕೋಟನ್ನು ಮೂಸಿದ. ಕಂಕುಳ ಹೊಲಿಗೆ ತಿರುವಿ ನೋಡಿದ.

“ಸತ್ತ ಮಗೀದಾ ಇದು?”

“ತೋಬಾ ತೋಬಾ! ಜೀವಂತ ಮಗು ಯಜಮಾನ್ರೇ. ಹಡಗು ಹತ್ತಿ ಹೋಯ್ತು, ಖುದಾ ಕಸಮ್.”

“ಕೆಳಗಿನ ಅರ್ಧ ಎಲ್ಲೋಯ್ತು?”

“ಅರೆ, ಅದು ಅಷ್ಟೇ ಇರೋದು. ಅಂಗ್ರೇಜಿ ಫ್ಯಾಷನ್.”

“ಅಷ್ಟೇ ಇರ್ತದಾ! ಕುಂಡಿ ಮುಚ್ಚದ ಕೋಟ ಯಾವ ದೊರೆ ಮಗ ಹಾಕ್ಕಂತಾನೆ? ಕೊಯ್ದು ಟೋಪಿ ಹೊಲ್ದು ಮಾರ್ಕಂಡಿದೀಯ ನೀನು.”

ಸಾಹೇಬರು ತಲೆ ತಲೆ ಚಚ್ಚಿಕೊಂಡರು. “ಟೋಪಿಗೆ ಬನಾತು ಕೊಯ್ತಾರಾ? ನಾನೇನು ಹುಚ್ಚನಾ? ಬೇಡಾಂದ್ರೆ ಬಿಡಿ, ಕಂಬಳಿ ಎತ್ಕೊಂಡು ಹೋಗಿ.” ಕೊನೆಗೆ ಕಂಬಳಿ ಅಲ್ಲೇ ಉಳಿಯಿತು, ಕೋಟು ನಮ್ಮ ಮನೆಗೆ ಬಂತು. ಮೋಸ ಹೋದೆನೆಂಬುದು ಮಾತ್ರ ಅಪ್ಪನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು.

ಸಾಹೇಬರು ಹೇಳಿದ್ದು ಸತ್ಯವೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಕಾಲೇಜಿನ ಪುಸ್ತಕ ಭಂಡಾರದಲ್ಲಿ ಹಳೆಯ ಇಂಗ್ಲಿಷ್ ಚಿತ್ರಪತ್ರಿಕೆ ತಿರುವುವಾಗ. ಹುಲ್ಲುಹಾಸಿನ ಮೇಲೆ ಹುಡುಗರ ಸಾಲು. ಒಬ್ಬೊಬ್ಬನ ಮೈಮೇಲೂ ನಮ್ಮದೇ ಅರ್ಧ ಕೋಟು, ಕೋಟಿನ ಮೇಲೆ ಮಲಗಿದ ಬಿಳಿ ಕಾಲರು. ಅದು ಅಲ್ಲಿನ ದೊಡ್ಡ ಮನೆತನಗಳ ಹುಡುಗರು ಓದುತ್ತಿದ್ದ ಒಂದು ಹಳೇ ಶಾಲೆಯ ಉಡುಪಂತೆ. ಗಿಡ್ಡ ಹುಡುಗರಿಗೆ ಸೊಂಟದವರೆಗಿನ ಕೋಟು, ಎತ್ತರ ಬೆಳೆದವರಿಗೆ ಹಿಂದೆ ಬಾಲವಿರುವ ಕೋಟು. ದೊಡ್ಡವರ ಮಕ್ಕಳನ್ನು ನೋಡಿ ಅಂಗಡಿಯವರೂ ಗುಮಾಸ್ತರೂ ತಮ್ಮ ಮಕ್ಕಳಿಗೆ ಅದನ್ನೇ ಹೊಲಿಸಿ ಭಾನುವಾರ ಚರ್ಚಿಗೆ ಕಳಿಸಿದರು. ಯಾವನೋ ರಾಜ ಸತ್ತ ದುಃಖಕ್ಕೆ ಆ ಕಪ್ಪು ಬಣ್ಣ ಬಂತೆಂದು ಪತ್ರಿಕೆಯಲ್ಲಿ ಬರೆದಿತ್ತು. ನಾನು ನಂಬಲಿಲ್ಲ. ಯಾವ ಹುಡುಗ ತಲೆತಲಾಂತರ ರಾಜನಿಗೆ ಅಳುತ್ತಾನೆ? ಕಪ್ಪಿನಲ್ಲಿ ಕೊಳೆ ಕಾಣದು, ಅಷ್ಟೇ ಇದ್ದೀತು. ಬಿಡಿ ಕಾಲರಿನ ಗುಟ್ಟೂ ಅಂಥದ್ದೇ. ಅಂಗಿ ಒಗೆಯುವುದು ವಾರಕ್ಕೊಮ್ಮೆ, ಕತ್ತಿನ ಕೊಳೆ ಮಾತ್ರ ದಿನವೂ ಕಾಣುತ್ತದೆ. ಕಾಲರು ಒಂದನ್ನು ಬದಲಿಸಿದರೆ ಅಂಗಿಯೆಲ್ಲ ಹೊಸದಾಗಿ ಒಗೆದಂತೆ. ಲೋಕವನ್ನೇ ಆಳುವವರು ಕತ್ತಿನಲ್ಲಿ ಇಂಥ ಸುಳ್ಳು ಕಟ್ಟಿಕೊಂಡು ಓಡಾಡುತ್ತಿದ್ದರು!

ರಜೆಯಲ್ಲಿ ಇದನ್ನೆಲ್ಲ ಅಪ್ಪನಿಗೆ ವಿವರಿಸಿ, ಚಿತ್ರ ನೋಡಿ ಬಂದಿದ್ದೇನೆ ಎಂದೆ. ಅವನು ಮಗ್ಗದಿಂದ ತಲೆಯೆತ್ತದೆ ಹೇಳಿದ: “ಚಿತ್ರದಾಗೂ ಕೊಯ್ದವ್ರೆ ಬುಡು.”

ಇರಲಿ, ಕೋಟು ಮನೆಗೆ ಬಂದ ದಿನಕ್ಕೆ ಹಿಂತಿರುಗುತ್ತೇನೆ. ಕಳೆದುಹೋದ ಅರ್ಧವನ್ನು ಅಪ್ಪ ತಾನೇ ತುಂಬಿಸಿದ. ಮನೆಯಲ್ಲಿದ್ದ ಇನ್ನೊಂದು ಕರಿ ಕಂಬಳಿ ಕತ್ತರಿಸಿ, ಸೊಂಟದಿಂದ ಮೊಣಕಾಲಿನವರೆಗೆ ದಬ್ಬಳದಲ್ಲಿ ಹೊಲಿದ. ಎದೆಯ ಬಾಯಿಗೂ ಕಂಬಳಿ ಪಟ್ಟಿ ಕೊಟ್ಟು, ಕಟ್ಟಲು ಉಣ್ಣೆ ಹುರಿ ಇಟ್ಟ. ಈಗ ಅದು ಅಮಲ್ದಾರರ ಕೋಟಿನಷ್ಟೇ ಉದ್ದವಾಯಿತು. ಒಳಗೆ ಹಾಕಲು ನನ್ನಲ್ಲಿ ಅಂಗಿಯಿರಲಿಲ್ಲ. ಇದ್ದದ್ದು ಬೆನ್ನಿನಲ್ಲಿ ಹರಿದುಹೋಗಿತ್ತು. “ಕೋಟ್ ಮುಚ್ಕಂತದೆ, ಯಾರು ನೋಡ್ತಾರೆ?” ಅಂದಳು ಅವ್ವ. ಕಾಲರು ನೋಡಿದಾಗ ಮಾತ್ರ ಹಿಂದೆಗೆದಳು.

“ಪಾದ್ರಿ ಕತ್ತಿಗೆ ಹಾಕ್ಕಳೋದು ಇದೇ ಅಲ್ವಾ? ನನ್ನ ಮಗನ್ನ ಜಾತಿ ಕೆಡ್ಸೋಕೆ ಕಳಿಸ್ತಿದೀರಾ?”

“ಪಾದ್ರೀದು ಕಿರಿದು ಕಣವ್ವ, ಇದು ಅಗಲ,” ಅಂದೆ. ಅಗಲದ ಮೇಲೆ ಅವಳಿಗೆ ಹೇಗೋ ಸಮಾಧಾನವಾಯಿತು. ಕಾಲರು ಬಾಡಿದ ಎಲೆಯಂತೆ ಜೋತುಬಿದ್ದಿತ್ತು. ಗಂಜಿ ಹಾಕೋಣವೆಂದರೆ ನಮ್ಮ ಮನೆಯಲ್ಲಿ ಅಕ್ಕಿ ಬೇಯುವುದು ಹಬ್ಬಕ್ಕೆ ಮಾತ್ರ. ಕಂಬಳಿ ನೂಲಿಗೆ ಹಚ್ಚುವ ಹುಣಸೆಬೀಜದ ಸರಿಯೇ ಅವಳ ಕೈಗೆ ಸಿಕ್ಕಿತು. ಬಳಿದು ಬಿಸಿಲಿಗಿಟ್ಟಳು. ಒಣಗಿದಾಗ ಅದು ಹಲಗೆಯಾಗಿತ್ತು, ಬೆರಳಲ್ಲಿ ಬಡಿದರೆ ಟಕಟಕ ಎನ್ನುತ್ತಿತ್ತು. ಕಟ್ಟುವ ಗುಂಡಿ ಇರಲಿಲ್ಲವಾಗಿ ಹಿಂದುಗಡೆ ಜಾಲಿಮುಳ್ಳು ಚುಚ್ಚಿದೆವು.

ಅದೇ ವೇಷದಲ್ಲಿ ಅಪ್ಪನ ಜೊತೆ ಮಧುಗಿರಿ ಸೇರಿದೆ. ನಿಲಯದ ಪಡಸಾಲೆಯಲ್ಲಿ ಕಮಿಟಿಯವರು ಮೇಜು ಹಾಕಿಕೊಂಡು ಕೂತಿದ್ದರು. ಮಾತಾಡಿದವರು ಇಬ್ಬರು: ವಯಸ್ಸಾದ ಅಧ್ಯಕ್ಷರು ಮತ್ತು ಒಬ್ಬ ವಕೀಲರು. ಅಪ್ಪ ಹೊರಗೆ ಕಂಬದ ಬಳಿ ನಿಂತ. ಕಾಲರು ಗಂಟಲು ಒತ್ತಿ ನಾನು ಗದ್ದ ಇಳಿಸುವಂತಿರಲಿಲ್ಲ. ನೋಡಿದವರಿಗೆ ಅದು ಪೊಗರಿನಂತೆ ಕಂಡಿರಬೇಕು.

“ಇದು ಬಡ ಹುಡುಗರ ಜಾಗ,” ಎಂದರು ಅಧ್ಯಕ್ಷರು. “ಕಲೆಕ್ಟರ್ ಮಗನ ಹಾಗೆ ಬಂದಿದ್ದೀಯಲ್ಲಪ್ಪ.”

ವಕೀಲರು ಎದ್ದು ಬಂದು ಕಾಲರನ್ನು ಉಗುರಿನಿಂದ ತಟ್ಟಿದರು. “ಇಂಥಾದ್ದು ಈ ಸೀಮೇಲಿ ಎಲ್ಲಿ ಸಿಗುತ್ತೆ? ಯಾವ ಬಂಗಲೇಲಿ ಕೆಲಸಕ್ಕಿದ್ದೆ?”

“ಸಿರಾ ಸಂತೇಲಿ ತಗೊಂಡದ್ದು ಸಾರ್.”

“ಸಂತೇಲಿ! ಬಿಳಿಯರ ಮಕ್ಕಳ ಬಟ್ಟೆ ಒಳಗೆ ಹೆಸರು ಹೊಲಿದಿರುತ್ತೆ, ಗೊತ್ತಾ? ಕೋಟು ಬಿಚ್ಚು, ನೋಡೋಣ.”

ನಾನು ಬಿಚ್ಚಲಿಲ್ಲ. ಒಳಗೆ ಅಂಗಿಯಿಲ್ಲವೆಂದು ನನಗೆ ಗೊತ್ತಿತ್ತು. ನಾನು ಹುರಿ ಹಿಡಿದು ನಿಂತಷ್ಟೂ ಅವರ ಮುಖಗಳು ಬಿಗಿಯಾದವು. ಕಳ್ಳ ಮಾಲೆಂದು ಅವರು ತೀರ್ಮಾನಿಸಿದ್ದು ಕಣ್ಣಿಗೆ ಕಾಣುತ್ತಿತ್ತು.

ಅಷ್ಟರಲ್ಲಿ ಕಂಬದ ಬಳಿಯಿಂದ ಅಪ್ಪನ ಕೂಗು: “ಬಿಚ್ಚಬ್ಯಾಡ ಕಣ್ಲಾ! ಬಿಚ್ಚಿದ್ರೆ ಮಡಿಕ್ಕಂಬುಡ್ತಾರೆ!”

“ಯಾರಯ್ಯ ಅದು?” ಎಂದರು ವಕೀಲರು.

“ಇವನ ಅಪ್ಪ ಬುದ್ಧೀ. ಕಂಬಳಿ ಕೊಟ್ಟು ತಂದಿರೋ ಕೋಟು ಅದು.”

“ಹಾಗಾದ್ರೆ ಬಿಚ್ಚೋಕೆ ಯಾಕೆ ಹಿಂಜರೀತಾನೆ?”

ಅಪ್ಪ ಅವರನ್ನು ನಂಬಲಿಲ್ಲ, ಅವರು ಅಪ್ಪನನ್ನು ನಂಬಲಿಲ್ಲ. ನಡುವೆ ನನ್ನ ಜಾಗ ಹೋಗುತ್ತಿತ್ತು. ನಾಚಿಕೆಯೋ ಓದೋ ಎಂದು ನಾನು ಯೋಚಿಸಿದ್ದು ಒಂದು ಗಳಿಗೆ ಇರಬಹುದು. ಹುರಿ ಎಳೆದೆ. ಕೋಟು ಬಿಚ್ಚಿ ಮೇಜಿನ ಮೇಲಿಟ್ಟೆ.

ಕತ್ತಿನಲ್ಲಿ ಇಂಗ್ಲೆಂಡಿನ ಕಾಲರು, ಅದರ ಕೆಳಗೆ ಎಣಿಸುವಂತಿದ್ದ ನನ್ನ ಪಕ್ಕೆಲುಬು.

ಬಾಗಿಲಲ್ಲಿದ್ದ ಜವಾನ ಕಿಸಕ್ಕೆಂದ. ಅಧ್ಯಕ್ಷರು ಅವನನ್ನು ಹೊರಗಟ್ಟಿದರು. ವಕೀಲರು ಹೆಸರು ಹುಡುಕುವುದನ್ನು ಮರೆತು ಕೋಟಿನ ಕೆಳಭಾಗವನ್ನು ಕೈಯಲ್ಲಿ ಉಜ್ಜಿದರು.

“ಇದು ಕಂಬಳಿಯಲ್ಲವೇನಯ್ಯ? ಯಾಕೆ ಹಚ್ಚಿದ್ದೀಯ?”

“ಮಾರ್ದೋನು ಅರ್ಧ ಕೊಯ್ಕಂಡವ್ನೆ ಬುದ್ಧೀ. ತಾವು ಲಾಯರು. ಕೇಸ್ ಹಾಕ್ಬೋದಾ?”

ವಕೀಲರು ಮುಖ ಆ ಕಡೆ ತಿರುಗಿಸಿಕೊಂಡರು. ಅವರ ಹೆಗಲು ಅಲುಗುತ್ತಿತ್ತು. ಅಧ್ಯಕ್ಷರು ನಗಲಿಲ್ಲ. “ಹಾಕ್ಕೊಳಪ್ಪ,” ಎಂದು ಕೋಟನ್ನು ತಾವೇ ಎತ್ತಿಕೊಟ್ಟರು. ಆಮೇಲೆ ಲೆಕ್ಕ ಕೇಳಿದರು, ಇಂಗ್ಲಿಷ್ ಪಾಠ ಓದಿಸಿದರು. ನಾನು ಗದ್ದ ಎತ್ತಿಕೊಂಡೇ ಓದಿದೆ, ತಪ್ಪಿಲ್ಲದೆ ಓದಿದೆ. “ಇವತ್ತಿನಿಂದಲೇ ಇರಬಹುದು,” ಎಂದರು.

ನನಗೆ ಅಳು ಬಂದಿತ್ತು. ಅಪ್ಪನಿಗೆ ಬಂದದ್ದು ಇನ್ನೊಂದು ಅನುಮಾನ.

“ಬಿಟ್ಟಿ ಊಟಾನಾ ಬುದ್ಧೀ?”

“ಹೌದು.”

“ಬದ್ಲಿಗೆ ಏನ್ ಕೇಳ್ತೀರಿ? ಈಗ್ಲೇ ಹೇಳ್ಬುಡಿ. ಆಮ್ಯಾಕೆ ಕುರಿ ಕೊಡು, ಜೀತಕ್ಕಿರು ಅಂದ್ರೆ ಆಗಾಕಿಲ್ಲ.”

“ಅವನು ಪಾಸಾಗಬೇಕು,” ಎಂದರು ಅಧ್ಯಕ್ಷರು.

“ಅದು ನಿಮಗ್ಯಾಕೆ ಬೇಕು?”

ಅಧ್ಯಕ್ಷರು ನನ್ನ ಹೆಸರು ಬರೆದುಕೊಂಡು ಮುಂದಿನ ಹುಡುಗನನ್ನು ಕರೆಸಿದರು.

ಅಪ್ಪ ಊರಿಗೆ ಹೊರಡಲಿಲ್ಲ. ಊಟದ ಗಂಟೆ ಹೊಡೆಯಿತು. ಹುಡುಗರ ಸಾಲಿನ ಕೊನೆಯಲ್ಲಿ ನಾನು ಕೂತೆ. ಊಟದ ಮನೆಯ ಕಿಟಕಿಯ ಸರಳು ಹಿಡಿದು ಅಪ್ಪ ಒಳಗೇ ನೋಡುತ್ತಿದ್ದ. ನನ್ನ ಎಲೆಗೆ ಮುದ್ದೆ ಬಿತ್ತು, ಹುರುಳಿ ಸಾರು ಬಿತ್ತು. ನಾನು ಮೊದಲ ತುತ್ತು ಮುರಿದೆ.

“ಬೆಂದೈತೇನ್ಲಾ?” ಅಂತ ಕಿಟಕಿಯಿಂದ ಕೇಳಿದ.

“ಬೆಂದೈತೆ ಕಣಪ್ಪ.”

“ಇನ್ನೊಂದು ಕೇಳು. ಕೊಡ್ತಾರೇನೋ ನೋಡಾನ.”

ಕೇಳಿದೆ. ಬಡಿಸುವವನು ಮಾತಾಡದೆ ಇನ್ನೊಂದು ಮುದ್ದೆ ಹಾಕಿ ಮುಂದೆ ಹೋದ. ಅಪ್ಪ ಅದನ್ನೂ ನೋಡಿದ. ಆಮೇಲೆ ತಲೆಯ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡು, ಹೋಗಿಬರುತ್ತೇನೆಂದೂ ಹೇಳದೆ, ಸಿರಾ ದಾರಿ ಹಿಡಿದ.