ಮಗರಾಯನ ಕೊರಳ ಪಟ್ಟೆ

ನಮ್ಮ ಚಿಕ್ಕಪ್ಪನ ಹೊಲಿಗೆ ಬಲು ಅಚ್ಚುಕಟ್ಟು, ನಾಲಿಗೆಗೆ ಮಾತ್ರ ಲಗಾಮಿಲ್ಲ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ಮನೆ. ಅವರು ಬಟ್ಟೆ ಕತ್ತರಿಸಿ ಮಿಷನ್ ತುಳಿಯುತ್ತಿದ್ದರು. ಚಿಕ್ಕಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದಳು. ಅವಳ ಪಕ್ಕದಲ್ಲೇ ಗಿಣಿಯ ಪಂಜರ ತೂಗುತ್ತಿತ್ತು.

ಚಿಕ್ಕಮ್ಮ ಎರಡು ಸಲ ಬಸಿರಾಗಿದ್ದಳು, ಎರಡೂ ಸಲ ಗರ್ಭ ನಿಲ್ಲಲಿಲ್ಲ. ಆಮೇಲೆ ಆ ಮನೆಗೆ ಬಂದದ್ದು ಈ ಗಿಣಿ. ಇದು ಗಂಡು ಮರಿ, ಬೆಳೆದ ಮೇಲೆ ಕೊರಳ ಸುತ್ತ ಗುಲಾಬಿ-ಕಪ್ಪು ಪಟ್ಟೆ ಬರುತ್ತದೆ, ಚೆನ್ನಾಗಿ ಸಾಕಬೇಕು ಅಷ್ಟೆ ಎಂದು ಮಾರಿದವನು ಹೇಳಿದ್ದ. ಅವಳು ಅದನ್ನು ಮಗರಾಯ ಎಂದು ಕರೆದಳು.

ಸಾಕುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ. ಹಣ್ಣಿನ ಒಳ್ಳೆಯ ಹೋಳು ಅದಕ್ಕೆ, ಸಿಪ್ಪೆಗಂಟಿದ್ದು ತನಗೆ. ಬೆಳಗೆದ್ದು ಪಂಜರದ ಮುಸುಕು ತೆಗೆದು, ಕನ್ನಡಕ ಏರಿಸಿ, ಕೊರಳು ನೋಡಿ “ಬಂತಾ?” ಎಂದು ಕೇಳುವುದು ಅವಳ ದಿನದ ಮೊದಲ ಕೆಲಸ. ಗಿಣಿ ಬೇರೇನೂ ಕಲಿಯಲಿಲ್ಲ, ಅದೊಂದನ್ನು ಅವಳ ದನಿಯಲ್ಲೇ ಕಲಿಯಿತು. ಬಟ್ಟೆ ಕೊಡಲು ಬಂದವರು ತಮ್ಮನ್ನೇ ಕೇಳಿದ್ದೆಂದುಕೊಂಡು “ಹೂಂ, ಬಂದೆವು” ಎನ್ನುತ್ತಿದ್ದರು.

ವರ್ಷಗಳು ಉರುಳಿದವು, ಪಟ್ಟೆ ಬರಲಿಲ್ಲ. ನೆಂಟರು ತಲೆಗೊಂದು ಸಲಹೆ ಕೊಟ್ಟರು. ಕಾಳು ಬದಲಾಯಿಸಿದ್ದಾಯಿತು, ಪಂಜರ ಬದಲಾಯಿಸಿದ್ದಾಯಿತು.

ಒಂದು ದಿನ ಚಿಕ್ಕಪ್ಪ ಗುಲಾಬಿ ದಾರವನ್ನೂ ಕಪ್ಪು ದಾರವನ್ನೂ ಹೆಣೆದು ಗಿಣಿಯ ಕೊರಳಿಗೆ ಕಟ್ಟಿ, ಪಟ್ಟೆ ಬಂತು ನೋಡು ಬಾ ಎಂದು ಕೂಗಿದರು. ಅವಳು ಒದ್ದೆ ಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲಿ ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹತ್ತಿರ ಹೋದಾಗ ಗಂಟು ಕಂಡಿತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಚಿಕ್ಕಪ್ಪ ಅಷ್ಟಕ್ಕೇ ಬಿಡಬಹುದಿತ್ತು.

“ನಿನ್ನ ಕೈಯಲ್ಲಿ ಯಾವುದು ತಾನೇ ಪೂರ್ತಿ ಬೆಳೆಯುತ್ತೆ ಹೇಳು,” ಎಂದರು.

ಅವಳು ಸಣ್ಣ ಕತ್ತರಿಯಿಂದ ದಾರ ತೆಗೆದಳು. ಸ್ಟೂಲಿನ ಮೇಲೆ ಕೂತು ಅರ್ಧಕ್ಕೆ ನಿಂತಿದ್ದ ಕಾಜಾ ಮುಗಿಸಿದಳು. ಆಮೇಲೂ ಬೆಳಿಗ್ಗೆ ಕೊರಳು ನೋಡುತ್ತಿದ್ದಳು, ಬಾಯಿಬಿಟ್ಟು ಮಾತ್ರ ಕೇಳುತ್ತಿರಲಿಲ್ಲ. ಕೇಳುವ ಕೆಲಸ ಗಿಣಿಯ ಪಾಲಿಗೆ ಉಳಿಯಿತು.

ಕೊನೆಗಾಲದಲ್ಲಿ ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದುಕೊಂಡಳು. “ನನ್ನ ಕೈಗುಣವೇ ಸರಿಯಿಲ್ಲ ಕಣೆ. ಮಗರಾಯನ್ನ ನೀನು ತಗೊಂಡು ಹೋಗು, ನಿನ್ನ ಹತ್ರ ಆದ್ರೂ ಬಂದೀತು.” ತಪ್ಪು ತನ್ನ ಕೈಯದೇ ಎಂದು ನಂಬಿಕೊಂಡು ಕಣ್ಣು ಮುಚ್ಚಿದಳು.

ಗಿಣಿಯನ್ನು ಚಿಕ್ಕಪ್ಪ ನನಗೆ ಕೊಡಲಿಲ್ಲ. ಆ ದನಿ ಅವರಿಗೆ ಇನ್ನೆಲ್ಲಿ ಸಿಗಬೇಕು?

ಕೆಲವು ತಿಂಗಳ ಮೇಲೆ ಗಿಣಿ ಮುಸುಕಿನ ಬಟ್ಟೆಯನ್ನು ಚಿಂದಿ ಮಾಡಿ, ಮೂಲೆಗೆ ಒಟ್ಟಿಕೊಂಡು, ಅದರ ಮೇಲೆ ಮುದುಡಿ ಕೂತುಬಿಟ್ಟಿತು. ಸತ್ತವಳಿಗಾಗಿ ಕೊರಗುತ್ತಿದೆ ಎಂದು ಚಿಕ್ಕಪ್ಪ ಗಾಬರಿಯಾದರು. ಇಬ್ಬರೂ ಪಂಜರ ಹೊತ್ತು ಪ್ರಾಣಿಗಳ ಡಾಕ್ಟರ ಬಳಿ ಹೋದೆವು. ಅವರು ಗಿಣಿಯನ್ನೆತ್ತಿ ಚಿಂದಿ ಸರಿಸಿದರು. ಅಡಿಯಲ್ಲಿ ಒಂದು ಬಿಳಿ ಮೊಟ್ಟೆ ಇತ್ತು.

ನನಗೆ ನಗು ಬಂತು. ನಮ್ಮಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಇದು ಹೆಣ್ಣಿರಬಹುದೆಂದು ಹೊಳೆದಿರಲಿಲ್ಲ. ಚಿಕ್ಕಪ್ಪ ನಗಲಿಲ್ಲ. “ಹಾಗಾದರೆ ಪಟ್ಟೆ?” ಎಂದು ಮೆಲ್ಲಗೆ ಕೇಳಿದರು.

“ಹೆಣ್ಣಿಗೆ ಆ ಪಟ್ಟೆ ಬರೋದಿಲ್ಲ,” ಎಂದರು ಡಾಕ್ಟರು. “ಯಾರು ಹೇಗೆ ಸಾಕಿದ್ರೂ ಬರೋದಿಲ್ಲ. ಇದನ್ನಂತೂ ತುಂಬಾ ಚೆನ್ನಾಗಿ ಸಾಕಿದ್ದೀರಿ.”

ಚಿಕ್ಕಪ್ಪ ಚಿಂದಿಯನ್ನು ಮತ್ತೆ ಮೊಟ್ಟೆಯ ಸುತ್ತ ಒಟ್ಟಿ, ಗಿಣಿಯನ್ನು ಅದರ ಮೇಲೆ ಕೂರಿಸಿದರು. ದಾರ ಕಟ್ಟಿದ ದಿನ ಅವರು ಆಡಿದ್ದಕ್ಕೆ ನಾನೂ ಎರಡು ಮಾತು ಆಡಿಯೇಬಿಡಬೇಕೆಂದಿದ್ದೆ. ಅವರ ಮುಖ ನೋಡಿ, ಪಂಜರದ ಇನ್ನೊಂದು ಬದಿ ಹಿಡಿದುಕೊಂಡೆ.

ಮನೆಗೆ ಬಂದು ಪಂಜರವನ್ನು ಕೊಕ್ಕೆಗೆ ಹಾಕಿ, ಚಿಕ್ಕಮ್ಮನ ಸ್ಟೂಲಿನ ಮೇಲೆ ಕೂತರು. ಗಿಣಿ ಅವಳ ದನಿಯಲ್ಲಿ “ಬಂತಾ?” ಎಂದಿತು.

“ಬರೋದೇ ಇರಲಿಲ್ಲ ಕಣೇ,” ಎಂದರು ಚಿಕ್ಕಪ್ಪ. “ನೀನು ಸರಿಯಾಗೇ ಸಾಕಿದ್ದೆ.”

ಗಿಣಿಗೆ ಬೇರೆ ಮಾತು ಗೊತ್ತಿಲ್ಲ. ಕತ್ತು ಓರೆ ಮಾಡಿ, ಮತ್ತೆ ಅದನ್ನೇ ಕೇಳಿತು.