ಎಡಗೈಯವರ ಕತ್ತರಿ

ನನಗೆ ಆರು ವರ್ಷವಿದ್ದಾಗ ಟೀಚರೊಬ್ಬರು ನನ್ನ ಜಡೆಯ ರಿಬ್ಬನ್ ಬಿಚ್ಚಿ, ಅದರಿಂದಲೇ ನನ್ನ ಎಡಗೈಯನ್ನು ಬೆಂಚಿಗೆ ಕಟ್ಟಿದ್ದರು. ಯಸಳೂರು ಕಡೆಯ ಒಂದು ಶಾಲೆ ಅದು. ಅಪ್ಪ ಅಲ್ಲೇ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಂದು ಚಿತ್ರ ಬರೆಯುವ ಪೀರಿಯಡ್. ನಾನು ಹುಂಜಕ್ಕೆ ಬಣ್ಣ ಹಚ್ಚುತ್ತಿದ್ದೆ.

"ಬಣ್ಣ ಹಚ್ಚೋದೂ ಎಡಗೈಲೇನೆ? ಬಲಗೈಲಿ ಮಾಡು, ನೋಡ್ತೀನಿ" ಅಂದರು.

ಬಲಗೈಯಲ್ಲಿ ಕುಂಚ ನಿಲ್ಲಲಿಲ್ಲ. ಹುಂಜದ ಜುಟ್ಟಿನ ಕೆಂಪು ಹಾಳೆಯ ತುಂಬ ಹರಿಯಿತು. ಅವರು ಆ ಹಾಳೆಯನ್ನು ಎತ್ತಿ ಹಿಡಿದು, "ನೋಡ್ರೋ, ಇದು ಕೋಳಿಯಂತೆ ಕಣ್ರೋ!" ಅಂದರು. ಇಡೀ ಕ್ಲಾಸು ನಕ್ಕಿತು. ಬಲಗೈಯಲ್ಲಿ ಅಕ್ಷರ ಬರೆಯುವುದನ್ನು ಹೇಗೋ ಕಲಿತೆ. ಕುಂಚವನ್ನು ಮಾತ್ರ ಮುಟ್ಟಲಿಲ್ಲ. ಅವರ ಮೇಲಿನ ಸಿಟ್ಟನ್ನು ಆರಲು ಬಿಡದೆ ಸಾಕಿಕೊಂಡೆ.

ಮದುವೆಯಾಗಿ ಸಕಲೇಶಪುರಕ್ಕೆ ಬಂದ ಮೇಲೆ, ಮಗಳ ಜೊತೆ ನೆಲದ ಮೇಲೆ ಕೂತು ಬಣ್ಣ ಕಲಸುತ್ತ ಕಲಸುತ್ತ ಎಡಗೈ ಮತ್ತೆ ಪಳಗಿತು. ಈಗ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಪುಟ್ಟ ಮಕ್ಕಳ ಕೈಗೆ ಬಣ್ಣ, ಕಾಗದ, ಜೇಡಿಮಣ್ಣು ಕೊಡುತ್ತೇನೆ. ಏನು ಕಲಿಸ್ತೀರಿ ಎಂದು ತಾಯಂದಿರು ಕೇಳುತ್ತಾರೆ. ನಾನು ಕಲಿಸುವುದು ಕಡಿಮೆ. ಬೆಂಡೆಕಾಯಿ ಕುಯ್ದು ಬಣ್ಣಕ್ಕೆ ಅದ್ದಿ ಕಾಗದಕ್ಕೆ ಒತ್ತುವಾಗ, ಜೋರಾಗಿ ಒತ್ತಿದರೆ ಹೂವಿನ ಅಚ್ಚು ಕಲಸಿಹೋಗುತ್ತದೆ ಎಂದು ಮಗುವಿಗೆ ತಾನೇ ಗೊತ್ತಾಗುತ್ತದೆ. ಅಂಟು ಒಣಗುವ ತನಕ ಕಾಯುತ್ತದೆ. ಕಾಗದ ಹರಿದು ಹರಿದು ಬೆರಳಿಗೆ ಬಲ ಬಂದ ಒಬ್ಬ ಹುಡುಗ, ಒಂದು ದಿನ ತನ್ನ ಸ್ವೆಟರ್ ಗುಂಡಿಯನ್ನು ತಾನೇ ಹಾಕಿಕೊಂಡು ಎಲ್ಲರಿಗೂ ತೋರಿಸಿದ.

ಕಳೆದ ವರ್ಷ ಆ ಟೀಚರ್ ಮೊಮ್ಮಗಳ ಕೈ ಹಿಡಿದು ಮಹಡಿ ಹತ್ತಿ ಬಂದರು. ರಿಟೈರ್ ಆಗಿ, ಮಗನ ಮನೆಯಲ್ಲಿದ್ದರಂತೆ. ನಾನು ತಕ್ಷಣ ಗುರುತಿಸಿದೆ. ಅವರು ಗುರುತಿಸಲಿಲ್ಲ. ಮಗು ಬಣ್ಣದ ಬಟ್ಟಲಿಗೆ ಎಡಗೈ ಚಾಚಿತು. ಅವರು ಆ ಕೈಗೆ ಪಟ್ಟನೆ ಹೊಡೆದು, "ಆ ಕೈ ಬ್ಯಾಡ ಪುಟ್ಟಾ" ಅಂದರು.

ನಾನು ಕಪಾಟಿನ ಬಾಗಿಲು ತೆರೆದೆ.

"ಇಲ್ಲಿ ಮೊದಲ್ನೇ ದಿನ ಅಜ್ಜಿಯರೂ ಮಾಡ್ಬೇಕು ಮಿಸ್" ಎಂದು ಸುಳ್ಳು ಹೇಳಿ, ಮೀನು ಬರೆದ ಕಾಗದವನ್ನೂ, ಎಡಗೈಯವರಿಗೆಂದೇ ತರಿಸಿಟ್ಟಿದ್ದ ಕತ್ತರಿಯನ್ನೂ ಅವರಿಗೆ ಕೊಟ್ಟೆ. ಅವರು ಬಲಗೈಯಲ್ಲಿ ಹಿಡಿದರು. ಕಾಗದ ತುಂಡಾಗಲಿಲ್ಲ, ಅಲಗುಗಳ ನಡುವೆ ಮಡಚಿಕೊಂಡಿತು. ಮತ್ತೆ ಹಿಡಿದರು, ಮತ್ತೆ ಮಡಚಿತು. ಅಲ್ಲಿದ್ದ ತಾಯಂದಿರು ಮಾತು ನಿಲ್ಲಿಸಿ ನೋಡತೊಡಗಿದರು. ನಾನು ಬೇಕೆಂದೇ ಸುಮ್ಮನಿದ್ದೆ.

"ಅಜ್ಜಿಗೆ ಕತ್ತರ್ಸಕ್ಕೇ ಬರಲ್ಲ!" ಎಂದು ಮೊಮ್ಮಗಳು ಕಿಲಕಿಲ ನಕ್ಕಳು.

"ಇದು ಮೊಂಡಾಗ್ಬುಟ್ಟೈತೆ ಕಣಮ್ಮ" ಎಂದರು ಟೀಚರ್, ಬೆವರು ಒರೆಸಿಕೊಳ್ಳುತ್ತ.

ಕತ್ತರಿಯನ್ನು ತೆಗೆದು ಮಗುವಿನ ಎಡಗೈಗೆ ಕೊಟ್ಟೆ. ಮಗು ಕಾಗದವನ್ನು ಸರಾಗವಾಗಿ ಕತ್ತರಿಸಿತು.

"ಮೊಂಡಾಗಿಲ್ಲ ಮಿಸ್. ಇದು ಎಡಗೈಯೋರ ಕತ್ತರಿ. ನನ್ ಕೈನ ರಿಬ್ಬನ್ನಲ್ಲಿ ಬೆಂಚಿಗೆ ಕಟ್ಟಿದ್ರಲ್ಲ, ನೆನಪೈತಾ?"

ಅವರು ನನ್ನ ಮುಖವನ್ನೇ ದಿಟ್ಟಿಸಿದರು. "ಎಷ್ಟೋ ಮಕ್ಳು ಬಂದೋದ್ರು ಕಣಮ್ಮ. ನೆನಪಿಲ್ಲ."

ಅಷ್ಟು ಸಲೀಸಾಗಿ ಮರೆತಿದ್ದರು! ಎಲ್ಲರೆದುರೇ ಎಲ್ಲವನ್ನೂ ಹೇಳಿದೆ, ಹುಂಜವನ್ನೂ ಸೇರಿಸಿ. ಅವರ ಮುಖ ಇಳಿದುಹೋಯಿತು.

"ಆಗ ಹಂಗೇ ಕಲಿಸ್ತಿದ್ವಿ" ಅಂದರು ಮೆಲ್ಲಗೆ.

"ಕಲಿಸ್ಲಿಲ್ಲ ಮಿಸ್. ನನ್ನ ನೋಡಿ ಎಲ್ಲಾರೂ ನಗೋ ಹಂಗೆ ಮಾಡಿದ್ರಿ."

ಅಯ್ಯೋ ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಶನಿವಾರವೂ ಬಂದರು. ಮಗುವೇ ಹಟ ಹಿಡಿದಿತ್ತಂತೆ. ಟೀಚರ್ ಈಗ ಮೇಲೆ ಬರುವುದಿಲ್ಲ. ಕೆಳಗಿನ ಅಂಗಡಿಯಲ್ಲೇ ಕಾಯುತ್ತಾರೆ.

ಮಗು ಎಡಗೈಯಲ್ಲೇ ಕತ್ತರಿಸುತ್ತದೆ, ಬಣ್ಣ ಹಚ್ಚುತ್ತದೆ. ನಾನು ಪ್ರತಿ ವಾರ ಅವಳ ಪಕ್ಕ ಕೂತು ಕೇಳುತ್ತೇನೆ: "ಮನೇಲಿ ಅಜ್ಜಿ ಈ ಕೈಗೆ ಹೊಡೆದ್ರಾ?"

"ಇಲ್ಲ ಮಿಸ್" ಎನ್ನುತ್ತಾಳೆ, ತಲೆ ಎತ್ತದೆ. ನನಗೆ ಸಮಾಧಾನವಾಗುತ್ತದೆ. ಒಂದಿಷ್ಟು ನಿರಾಸೆಯೂ ಆಗುತ್ತದೆ.